ಲಿನಕ್ಸ್ ಗಣಕಗಳಲ್ಲಿ ಗೃಹಜಾಲ ಹಾಗೂ ಅಂತರಜಾಲ ಸಂಪರ್ಕ

ಒಂದು ಮನೆಯೊಳಗಿರುವ ಗಣಕಗಳನ್ನೂ, ಕೈಫೋನು, ಮುದ್ರಣಯಂತ್ರ, ದೂರದರ್ಶನ ಮೊದಲಾದ ಇತರ ಉಪಕರಣಗಳನ್ನೂ ತಂತಿಯಿಂದಲೋ ನಿಸ್ತಂತು ತರಂಗಗಳಿಂದಲೋ ಪರಸ್ಪರ ಜೋಡಿಸಿ, ಆ ಸಮೂಹಕ್ಕೆಲ್ಲ ಹೊರಗಿನ ಅಂತರಜಾಲದ ದ್ವಾರವೊಂದನ್ನು ತೆರೆದುಕೊಡುವ ವ್ಯವಸ್ಥೆಗೆ ಗೃಹಜಾಲವೆಂದು ಹೆಸರು. ಇಂಥ ಜಾಲದಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಿಂದ ನಡೆಯುವ ಗಣಕವನ್ನು ನೆಲೆಗೊಳಿಸುವ ಬಗೆ, ಅದಕ್ಕೆ ವಿಳಾಸವೂ ಮಾರ್ಗವೂ ದೊರೆಯುವ ಕ್ರಮ, ಸಂಪರ್ಕ ಕಡಿದಾಗ ದೋಷವನ್ನು ಹುಡುಕುವ ವಿಧಾನ ಮತ್ತು ಜಾಲದ ರಕ್ಷಣೆ ಇವು ಪ್ರಸ್ತುತ ಲೇಖನದ ವಿಷಯಗಳು. ಬೇರೆ ವ್ಯವಸ್ಥೆಗಳಲ್ಲಿ ಒಂದೇ ಗುಂಡಿಯ ಹಿಂದೆ ಅಡಗಿರುವ ಕಾರ್ಯಗಳು ಲಿನಕ್ಸಿನಲ್ಲಿ ಬಿಡಿಬಿಡಿಯಾಗಿ ಕಣ್ಣಿಗೆ ಬೀಳುತ್ತವೆ; ಹೊಸಬರಿಗೆ ತೊಡಕೆನಿಸುವುದೂ ಇದೇ, ಬಲ್ಲವರಿಗೆ ಬಲವನ್ನು ಕೊಡುವುದೂ ಇದೇ. ಆದಕಾರಣ ಆಜ್ಞೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಸಂಪರ್ಕವೆಂಬುದು ಯಾವ ಯಾವ ಅಂತಸ್ತುಗಳ ಮೇಲೆ ನಿಂತಿದೆಯೆಂಬುದನ್ನು ಒಮ್ಮೆ ಚೆನ್ನಾಗಿ ಮನಗಾಣುವುದೇ ಈ ವಿದ್ಯೆಯಲ್ಲಿ ಮುಖ್ಯವಾದ ಮೆಟ್ಟಿಲು.

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳಾದ ಕರ್ನಲನ್ನು ರಚಿಸುವ ತನ್ನ ಪ್ರಯತ್ನವನ್ನು 1991ರ ಆಗಸ್ಟ್ 25ರಂದು ಯೂಸ್‌ನೆಟ್ ಚರ್ಚಾವೇದಿಕೆಯಲ್ಲಿ ಪ್ರಕಟಿಸಿದಾಗ ಆ ಕರ್ನಲಿಗೆ ಜಾಲದ ಪರಿಚಯವೇ ಇರಲಿಲ್ಲ. ಮರುವರ್ಷ ರಾಸ್ ಬೈರೋ ಮೊದಲ ಜಾಲಸಂಹಿತೆಯನ್ನು ಬರೆದನು. ಫ್ರೆಡ್ ವಾನ್ ಕೆಂಪೆನ್ ಅದನ್ನು ಎರಡನೆಯ ಬಾರಿಗೆ ರೂಪಿಸಿದನು. ವೇಲ್ಸ್ ದೇಶದ ಸ್ವಾನ್‌ಸೀಯಲ್ಲಿದ್ದ ಆಲನ್ ಕಾಕ್ಸ್ ಅದರ ದೋಷಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದು ಅದಕ್ಕೆ ಸ್ಥಿರತೆಯನ್ನು ತಂದನು. ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಡೊನಾಲ್ಡ್ ಬೆಕರ್ ಅಂದಿನ ಅಗ್ಗದ ಈಥರ್‌ನೆಟ್ ಕಾರ್ಡುಗಳಿಗೆ ಒಂದರ ಹಿಂದೊಂದರಂತೆ ಚಾಲಕಗಳನ್ನು ಬರೆದುದರಿಂದ, ಸಾಮಾನ್ಯನ ಮೇಜಿನ ಮೇಲಿನ ಗಣಕವೂ ಜಾಲದೊಳಕ್ಕೆ ಕಾಲಿಡುವಂತಾಯಿತು. 1994ರ ಮಾರ್ಚ್ 14ರಂದು ಕರ್ನಲಿನ 1.0 ಆವೃತ್ತಿ ಹೊರಬರುವ ವೇಳೆಗೆ ಜಾಲಸಾಮರ್ಥ್ಯ ಅದರ ಅವಿಭಾಜ್ಯ ಅಂಗವಾಗಿದ್ದಿತು. ಪರಸ್ಪರ ಮುಖವನ್ನೇ ಕಾಣದ ಜನರು ಜಾಲದ ಮೂಲಕವೇ ಕೂಡಿ ಜಾಲದ ತಂತ್ರಾಂಶವನ್ನು ನಿರ್ಮಿಸಿದುದು ವಿಜ್ಞಾನೇತಿಹಾಸದಲ್ಲಿ ವಿಶೇಷವಾಗಿ ಸ್ಮರಣೀಯವಾದ ಸಂಗತಿ.

ಭಾರತದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿತು. ದೂರವಾಣಿಯ ತಂತಿಗೆ ಮೋಡೆಮನ್ನು ತಗುಲಿಸಿ ಸಂಖ್ಯೆಯನ್ನು ಹೊಡೆದು ಒಳಹೋಗುವ ಆ ಕಾಲದಲ್ಲಿ ಲಿನಕ್ಸ್ ಬಳಕೆದಾರನ ಮುಖ್ಯ ಶತ್ರು ವಿನ್‌ಮೋಡೆಮ್ ಎಂದು ಕರೆಯಲ್ಪಟ್ಟ ಅರ್ಧಮೋಡೆಮಾಗಿತ್ತು. ಸಂಕೇತಗಳನ್ನು ಸಂಸ್ಕರಿಸುವ ಭಾರವನ್ನೆಲ್ಲ ವಿಂಡೋಸಿನ ತಂತ್ರಾಂಶಕ್ಕೆ ವಹಿಸಿ ತಾನು ಕೇವಲ ಸದ್ದು ಮಾಡುವ ಕಾರ್ಡಾಗಿ ಉಳಿದಿದ್ದ ಈ ಸಾಧನವು, ತಯಾರಕನು ಅದರ ಒಳಗುಟ್ಟನ್ನು ಹೊರಗೆಡಹದಿದ್ದುದರಿಂದ, ಲಿನಕ್ಸಿನಲ್ಲಿ ಬಹುಮಟ್ಟಿಗೆ ನಿರುಪಯುಕ್ತವಾಗಿತ್ತು. ಸರಣಿ ದ್ವಾರಕ್ಕೆ ಜೋಡಿಸುವ ಹೊರಮೋಡೆಮನ್ನು ದುಬಾರಿಯಾದರೂ ಕೊಳ್ಳಬೇಕಾಗಿತ್ತು. ಅದು ದೊರೆತ ಮೇಲೆ ಪಿಪಿಪಿ ಎಂಬ ಶಿಷ್ಟಾಚಾರವನ್ನು ನಡೆಸುವ ಸೇವಾತಂತ್ರಾಂಶವೂ, ಸಂಖ್ಯೆ ಹೊಡೆಯುವ ಡಬ್ಲ್ಯೂವಿಡಯಲ್ ಅಥವಾ ಕೆಪಿಪಿಪಿ ಎಂಬ ಸಾಧನವೂ ಉಳಿದ ಕಾರ್ಯವನ್ನು ನಿರ್ವಹಿಸುತ್ತಿದ್ದವು. ಯಂತ್ರಾಂಶವನ್ನು ಕೊಳ್ಳುವ ಮುನ್ನವೇ ಅದಕ್ಕೆ ಮುಕ್ತ ಚಾಲಕವುಂಟೇ ಎಂದು ವಿಚಾರಿಸಬೇಕೆಂಬ ಪಾಠವನ್ನು ಲಿನಕ್ಸ್ ಬಳಗ ಕಲಿತದ್ದು ಆಗಲೇ. 2001ರಲ್ಲಿ ಆರಂಭವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ತಳೆದ ಲಿನಕ್ಸ್ ಬ್ಯಾಂಗಲೋರ್ ಸಮ್ಮೇಳನದಂಥ ಕೂಟಗಳೂ, ಊರೂರಿನ ಬಳಕೆದಾರರ ಸಂಘಗಳೂ ಈ ತಿಳಿವಳಿಕೆಯನ್ನು ಕೈಯಿಂದ ಕೈಗೆ ದಾಟಿಸಿದವು. ಸಂಪರ್ಕವನ್ನು ಸಾಧಿಸುವುದಕ್ಕೆ ಬೇಕಾದ ಚಾಲಕವು ಸಂಪರ್ಕವಿದ್ದರೆ ಮಾತ್ರ ದೊರೆಯುತ್ತದೆಂಬ ಬಿಕ್ಕಟ್ಟಿನಲ್ಲಿ, ಪರಿಚಿತರೊಬ್ಬರು ಕೊಟ್ಟ ಅಡಕಮುದ್ರಿಕೆಗೆ ಆಗ ಅಪಾರ ಬೆಲೆಯಿತ್ತು.

2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವುಳ್ಳ ನಿರಂತರ ಸಂಪರ್ಕಕ್ಕೆ ಆ ಹೆಸರನ್ನು ಸಲ್ಲಿಸಿತು. 2023ರಲ್ಲಿ ಈ ಕನಿಷ್ಠ ಮಿತಿ 2 ಮೆಗಾಬಿಟ್‌ಗೆ ಏರಿತು. ಭಾರತ್ ಸಂಚಾರ್ ನಿಗಮವು 2005ರ ಜನವರಿಯಲ್ಲಿ ಡೇಟಾಒನ್ ಎಂಬ ಹೆಸರಿನಲ್ಲಿ ತಾಮ್ರದ ತಂತಿಯ ಮೇಲೆಯೇ ಎಡಿಎಸ್‌ಎಲ್ ಸೇವೆಯನ್ನು ಆರಂಭಿಸಿದಾಗ, ಕರ್ನಾಟಕದ ಸಣ್ಣ ಪಟ್ಟಣಗಳ ಮನೆಗಳಿಗೂ ನಿರಂತರ ಸಂಪರ್ಕ ಬಂದಿತು. ಇಲ್ಲಿ ಬಳಕೆದಾರನ ಗುರುತನ್ನು ಪರೀಕ್ಷಿಸುವ ಕಾರ್ಯವು ಈಥರ್‌ನೆಟ್ಟಿನ ಮೇಲೆ ಪಿಪಿಪಿಯನ್ನು ಹೊತ್ತೊಯ್ಯುವ ಪಿಪಿಪಿಒಇ ಎಂಬ ಕ್ರಮದಿಂದ ನಡೆಯುತ್ತದೆ. ಮೋಡೆಮನ್ನು ಸೇತುವೆಯ ವಿಧದಲ್ಲಿಟ್ಟರೆ ಹೆಸರು ಮತ್ತು ಗುಪ್ತಪದಗಳನ್ನು ಗಣಕವೇ ಒಪ್ಪಿಸಬೇಕು. ಮೋಡೆಮಿನೊಳಗೇ ಅವನ್ನು ಬರೆದಿಟ್ಟು ಅದನ್ನು ಸಂಪರ್ಕವನ್ನು ಉಪಕರಣಗಳಿಗೆಲ್ಲ ಹಂಚುವ ರೌಟರಾಗಿ ನಡೆಸಿದರೆ ಮನೆಯ ಗಣಕಗಳಿಗೆ ಆ ವಿಷಯದ ಗೊಡವೆಯೇ ಇರುವುದಿಲ್ಲ. ಒಂದಕ್ಕಿಂತ ಹೆಚ್ಚು ಉಪಕರಣಗಳುಳ್ಳ ಮನೆಗೆ ಎರಡನೆಯ ಮಾರ್ಗವೇ ಸರ್ವಥಾ ಶ್ರೇಯಸ್ಕರ. ಮೋಡೆಮಿಗೆ ಯುಎಸ್‌ಬಿ ದ್ವಾರವೂ ಈಥರ್‌ನೆಟ್ ದ್ವಾರವೂ ಇದ್ದಲ್ಲಿ ಲಿನಕ್ಸಿನವರು ಈಥರ್‌ನೆಟ್ಟನ್ನೇ ಆರಿಸಿಕೊಳ್ಳತಕ್ಕದ್ದೆಂಬುದು ಅಂದಿನಿಂದ ಸಾಗಿಬಂದ ನಿಯಮ.

ಪಿಪಿಪಿಒಇಯ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಈಥರ್‌ನೆಟ್ಟಿನಲ್ಲಿ ದತ್ತಾಂಶದ ಒಂದು ಪೊಟ್ಟಣವು 1500 ಬೈಟುಗಳವರೆಗೆ ಹೊರಬಲ್ಲುದು; ಪಿಪಿಪಿಒಇಯ ಶಿರೋಲೇಖವು ಅದರಲ್ಲಿ 8 ಬೈಟುಗಳನ್ನು ತಾನು ಬಳಸಿಕೊಳ್ಳುವುದರಿಂದ 1492 ಮಾತ್ರ ಉಳಿಯುತ್ತದೆ. ಈ ಅಂತರವನ್ನು ಎರಡು ತುದಿಗಳೂ ಅರಿಯದೆ ಹೋದರೆ, ನಡುವಣ ಯಾವುದೋ ಫೈರ್‌ವಾಲ್ ಎಂಬ ಕಾವಲುಗೋಡೆ ಅದರ ಸೂಚನೆಯನ್ನು ತಡೆದುಬಿಟ್ಟರೆ, ಸಣ್ಣ ಪುಟಗಳು ಸಲೀಸಾಗಿ ತೆರೆದು ದೊಡ್ಡ ಪುಟಗಳು ಅರ್ಧದಲ್ಲೇ ನಿಲ್ಲುವ, ಕೆಲವು ತಾಣಗಳು ಬಂದು ಕೆಲವು ಬಾರದಿರುವ ವಿಚಿತ್ರ ವ್ಯಾಧಿ ಕಾಣಿಸಿಕೊಳ್ಳುತ್ತದೆ. ಸಂಪರ್ಕವು ಇದ್ದೂ ಇಲ್ಲದಂತಿರುವ ಈ ಸ್ಥಿತಿಯಲ್ಲಿ ಸೇವೆಯನ್ನು ಒದಗಿಸುವವನನ್ನು ದೂರಿ ಪ್ರಯೋಜನವಿಲ್ಲ. ಪೊಟ್ಟಣದ ಗರಿಷ್ಠ ಗಾತ್ರವನ್ನು 1492ಕ್ಕೆ ಇಳಿಸುವುದೋ, ರೌಟರಿನಲ್ಲಿ ಟಿಸಿಪಿ ತುಣುಕಿನ ಗಾತ್ರವನ್ನು ಬಿಗಿಹಿಡಿಯುವ ನಿಯಮವನ್ನು ಸೇರಿಸುವುದೋ ಇದಕ್ಕೆ ಪರಿಹಾರ.

ಮಲೆನಾಡಿನಲ್ಲಿ ತಾಮ್ರದ ತಂತಿಗೆ ಮತ್ತೊಂದು ಅಪಾಯವಿದ್ದಿತು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲುಗಳ ಕಾಲದಲ್ಲಿ ದೂರವಾಣಿಯ ತಂತಿಯ ಮೂಲಕ ನುಗ್ಗಿದ ವಿದ್ಯುತ್ತು ಮೋಡೆಮನ್ನೂ, ಕೆಲವೊಮ್ಮೆ ಅದಕ್ಕಂಟಿದ ಗಣಕದ ಜಾಲದ್ವಾರವನ್ನೂ ಸುಟ್ಟುಹಾಕುತ್ತಿತ್ತು. ಇಂದು ಹರಡುತ್ತಿರುವ ದ್ಯುತಿತಂತು ಗಾಜಿನದಾದುದರಿಂದ ವಿದ್ಯುತ್ತನ್ನು ಒಯ್ಯದು; ಆದರೂ ತಂತುವಿನ ಕೊನೆಯ ಪೆಟ್ಟಿಗೆಗೆ ಶಕ್ತಿಯನ್ನೂಡುವ ವಿದ್ಯುತ್‌ತಂತಿಯ ದಾರಿ ತೆರೆದೇ ಇರುವುದರಿಂದ ಗುಡುಗು ಸಿಡಿಲಿನ ವೇಳೆ ಆ ತಂತಿಯನ್ನು ಕಳಚುವ ಅಭ್ಯಾಸ ಒಳ್ಳೆಯದು. ವಿದ್ಯುತ್ತು ಮೇಲಿಂದಮೇಲೆ ಹೋಗುವೆಡೆ ಈ ಪೆಟ್ಟಿಗೆಗೂ ರೌಟರಿಗೂ ಒಂದು ಸಣ್ಣ ಬ್ಯಾಟರಿಯ ಆಸರೆಯನ್ನು ಕಲ್ಪಿಸುವುದು ಅಲ್ಪವ್ಯಯದ ಮಹೋಪಕಾರ.

ರೌಟರಿನ ಮಾತು ಬಂದುದರಿಂದ ಒಂದು ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 2002ರ ಡಿಸೆಂಬರಿನಲ್ಲಿ ಲಿಂಕ್‌ಸಿಸ್ ಸಂಸ್ಥೆಯು ಡಬ್ಲ್ಯೂಆರ್‌ಟಿ54ಜಿ ಎಂಬ ನೀಲಿ ಕಪ್ಪು ಬಣ್ಣದ ನಿಸ್ತಂತು ರೌಟರನ್ನು ಮಾರುಕಟ್ಟೆಗೆ ತಂದಿತು. ಅದರ ಒಡಲಲ್ಲಿ ನಡೆಯುತ್ತಿರುವುದು ಲಿನಕ್ಸೇ ಎಂಬುದನ್ನು 2003ರಲ್ಲಿ ಕೆಲವು ಕುತೂಹಲಿಗಳು ಕಂಡುಹಿಡಿದರು. ಲಿನಕ್ಸ್ ಕರ್ನಲ್ ಪ್ರಕಟವಾಗುವ ಜಿಪಿಎಲ್ ಪರವಾನಗಿಯ ಪ್ರಕಾರ, ಅದನ್ನು ಹಂಚುವವನು ತಾನು ಮಾಡಿದ ಮಾರ್ಪಾಟುಗಳ ಮೂಲಸಂಹಿತೆಯನ್ನು ಪಡೆದವನಿಗೆ ಕೊಡಲೇಬೇಕು. ಒತ್ತಾಯ ಬೆಳೆದ ಮೇಲೆ ಅದೇ ವರ್ಷ ಸಂಹಿತೆ ಹೊರಬಂದಿತು. ಅದನ್ನು ತಳಹದಿಯಾಗಿ ಮಾಡಿಕೊಂಡು 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಸಾಮುದಾಯಿಕ ಯೋಜನೆ ಹುಟ್ಟಿತು. ಇಂದು ನೂರಾರು ಮಾದರಿಯ ಅಗ್ಗದ ರೌಟರುಗಳಲ್ಲಿ, ತಯಾರಕನು ಕೈಬಿಟ್ಟ ಹಳೆಯ ತಂತ್ರಾಂಶವನ್ನು ತೆಗೆದು ಇದನ್ನು ಸ್ಥಾಪಿಸಿ, ಉಪಕರಣದ ಆಯುಸ್ಸನ್ನು ವರ್ಷಗಟ್ಟಲೆ ಹಿಗ್ಗಿಸಬಹುದು. ಹೀಗಾಗಿ, ತಮ್ಮ ಮನೆಯಲ್ಲಿ ಲಿನಕ್ಸ್ ಇಲ್ಲವೆಂದು ಭಾವಿಸಿರುವ ಅಸಂಖ್ಯಾತ ಜನರ ಮನೆಯಲ್ಲಿಯೂ ಗೋಡೆಗೆ ತೂಗುಹಾಕಿದ ಪೆಟ್ಟಿಗೆಯೊಳಗೆ ಅದು ಹಗಲಿರುಳು ಕೆಲಸ ಮಾಡುತ್ತಲಿದೆ. ಪರವಾನಗಿಯ ಒಂದು ವಾಕ್ಯವು ಜನಸಾಮಾನ್ಯರಿಗೆ ಇಷ್ಟು ಮೂರ್ತವಾದ ಫಲವನ್ನು ಕೊಟ್ಟ ಉದಾಹರಣೆಗಳು ವಿರಳ.

ಜಾಲದಲ್ಲಿರುವ ಪ್ರತಿಯೊಂದು ಗಣಕಕ್ಕೂ ಒಂದು ಐಪಿ ವಿಳಾಸ, ತನ್ನ ನೆರೆಹೊರೆಯ ಮೇರೆಯನ್ನು ತೋರಿಸುವ ಮುಸುಕು, ಹೊರಗೆ ಹೋಗುವ ಹೆಬ್ಬಾಗಿಲ ವಿಳಾಸ ಮತ್ತು ಹೆಸರುಗಳನ್ನು ಅಂಕಿಗಳಾಗಿ ಪರಿವರ್ತಿಸುವ ಡಿಎನ್‌ಎಸ್ ಸೇವಕದ ವಿಳಾಸ ಈ ನಾಲ್ಕೂ ತಿಳಿದಿರಬೇಕು. 32 ಬಿಟ್ಟುಗಳ ಹಳೆಯ ಪದ್ಧತಿಯಲ್ಲಿ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಜಗತ್ತಿನ ಕೇಂದ್ರ ಭಂಡಾರವು 2011ರ ಫೆಬ್ರವರಿ 3ರಂದು ತನ್ನಲ್ಲುಳಿದ ಕೊನೆಯ ಕಂತುಗಳನ್ನು ಹಂಚಿ ಬರಿದಾಯಿತು. ಈ ಅಭಾವವನ್ನು ಮೊದಲೇ ಊಹಿಸಿ 10, 172.16 ಮತ್ತು 192.168 ಎಂದು ಆರಂಭವಾಗುವ ಮೂರು ಶ್ರೇಣಿಗಳನ್ನು ಖಾಸಗಿ ಬಳಕೆಗಾಗಿ 1996ರಲ್ಲಿ ನಿಗದಿಮಾಡಲಾಗಿತ್ತು. ಅವಿಭಕ್ತ ಕುಟುಂಬದ ದೊಡ್ಡ ಮನೆಗೆ ಅಂಚೆಯವನು ಒಂದೇ ವಿಳಾಸವನ್ನು ನೋಡಿ ಕಾಗದಗಳನ್ನೆಲ್ಲ ತಂದುಕೊಟ್ಟರೆ ಮನೆಯ ಯಜಮಾನನು ಯಾರ ಕಾಗದ ಯಾರಿಗೆಂದು ಹಂಚುವಂತೆ, ಹೊರಗಿನ ಒಂದೇ ವಿಳಾಸಕ್ಕೆ ಬಂದ ಪೊಟ್ಟಣಗಳನ್ನು ಒಳಗಿನ ಖಾಸಗಿ ವಿಳಾಸಗಳಿಗೆ ತಲಪಿಸುವ ಕಾರ್ಯವನ್ನು ರೌಟರು ಮಾಡುತ್ತದೆ. ಇದೇ ನ್ಯಾಟ್ ಎಂಬ ವಿಳಾಸಾಂತರಣ. ಲಿನಕ್ಸಿನಲ್ಲಿ ಇದಕ್ಕೆ ಮೊದಲಿನಿಂದಲೂ ಮಾಸ್ಕರೇಡಿಂಗ್ ಎಂಬ ಹೆಸರು ರೂಢಿಯಲ್ಲಿದೆ. ಹಳೆಯ ಗಣಕವೊಂದಕ್ಕೆ ಎರಡು ಜಾಲಕಾರ್ಡುಗಳನ್ನು ಹಾಕಿ, ಕರ್ನಲಿನಲ್ಲಿ ಪೊಟ್ಟಣಗಳನ್ನು ಮುಂದಕ್ಕೆ ರವಾನಿಸುವುದಕ್ಕೆ ಅನುಮತಿಯಿತ್ತು, ಮಾಸ್ಕರೇಡಿಂಗಿನ ಒಂದೇ ಒಂದು ನಿಯಮವನ್ನು ಬರೆದರೆ ಆ ಗಣಕವೇ ಮನೆಯ ರೌಟರಾಗುತ್ತದೆ. ಈಗಂತೂ ಅನೇಕ ಸೇವಾದಾರರು ತಮ್ಮಲ್ಲಿಯೂ ವಿಳಾಸಾಂತರಣವನ್ನು ಮಾಡಿ ಗ್ರಾಹಕನಿಗೆ 100.64ರಿಂದ 100.127ರವರೆಗಿನ ಶ್ರೇಣಿಯ ವಿಳಾಸವನ್ನು ಕೊಡುವುದರಿಂದ, ಹೊರಗಿನಿಂದ ಮನೆಯ ಗಣಕವನ್ನು ತಲಪಬೇಕೆನ್ನುವವರು ಸ್ಥಿರವಿಳಾಸವನ್ನು ಹಣ ತೆತ್ತು ಪಡೆಯಬೇಕಾಗುತ್ತದೆ, ಇಲ್ಲವೆ ಹೊಸ ವಿಳಾಸಪದ್ಧತಿಯಾದ ಐಪಿವಿ6ನ್ನು ಆಶ್ರಯಿಸಬೇಕಾಗುತ್ತದೆ.

ಈ ನಾಲ್ಕು ವಿವರಗಳನ್ನೂ ಡಿಎಚ್‌ಸಿಪಿ ಎಂಬ ಕ್ರಮವು ತಾನಾಗಿ ಒದಗಿಸುತ್ತದೆ. ಗಣಕವು ಕೂಗಿ ಕೇಳುತ್ತದೆ, ರೌಟರು ಒಂದು ವಿಳಾಸವನ್ನು ಮುಂದೊಡ್ಡುತ್ತದೆ, ಗಣಕವು ಅದನ್ನೇ ಬೇಡುತ್ತದೆ, ರೌಟರು ಒಪ್ಪಿ ಮುದ್ರೆಯೊತ್ತುತ್ತದೆ. ಈ ವಿಳಾಸ ನಿಯತ ಅವಧಿಯ ಗೇಣಿಯಾದುದರಿಂದ ಕಾಲಕಾಲಕ್ಕೆ ನವೀಕರಿಸಲ್ಪಡುತ್ತದೆ. ಮುದ್ರಣಯಂತ್ರ, ಕಡತಗಳ ಸೇವಕ ಮೊದಲಾದವು ಸದಾ ಒಂದೇ ವಿಳಾಸದಲ್ಲಿರಬೇಕಾದಲ್ಲಿ, ಆಯಾ ಯಂತ್ರದಲ್ಲಿ ಅದನ್ನು ಬರೆಯುವುದಕ್ಕಿಂತ ರೌಟರಿನಲ್ಲಿಯೇ ಅದರ ಯಂತ್ರವಿಳಾಸಕ್ಕೆ ಐಪಿ ವಿಳಾಸವನ್ನು ಕಾದಿರಿಸುವುದು ಹೆಚ್ಚು ಅಚ್ಚುಕಟ್ಟು.

ಇನ್ನು ಲಿನಕ್ಸ್ ಗಣಕದ ಒಳಗೆ ನಡೆಯುವ ವ್ಯವಹಾರ. ಕರ್ನಲು ಪ್ರತಿಯೊಂದು ಜಾಲದ್ವಾರಕ್ಕೂ ಒಂದು ಹೆಸರನ್ನಿಡುತ್ತದೆ. ಮೊದಲು ಇಟಿಎಚ್0, ಡಬ್ಲ್ಯೂಲ್ಯಾನ್0 ಎಂದಿದ್ದ ಹೆಸರುಗಳು, ಎರಡು ಕಾರ್ಡುಗಳಿದ್ದಾಗ ಒಂದು ಸಲ ಒಂದಕ್ಕೆ, ಇನ್ನೊಂದು ಸಲ ಮತ್ತೊಂದಕ್ಕೆ ಹೋಗುತ್ತಿದ್ದ ಗೊಂದಲವನ್ನು ನಿವಾರಿಸಲು, 2013ರಿಂದೀಚೆಗೆ ಬಹುತೇಕ ಲಿನಕ್ಸ್ ವಿತರಣೆಗಳಲ್ಲಿ ಕಾರ್ಡು ಕುಳಿತಿರುವ ಸ್ಥಾನವನ್ನು ಸೂಚಿಸುವ ಇಎನ್‌ಪಿ3ಎಸ್0, ಡಬ್ಲ್ಯೂಎಲ್‌ಪಿ2ಎಸ್0 ಮುಂತಾದ ರೂಪಗಳನ್ನು ತಳೆದಿವೆ. ದ್ವಾರಗಳ ಸ್ಥಿತಿಯನ್ನು ನೋಡಲು ಹಿಂದೆ ಇಫ್‌ಕಾನ್ಫಿಗ್ ಎಂಬ ಆಜ್ಞೆ ಪ್ರಚಲಿತವಾಗಿದ್ದಿತು. ರಷ್ಯದ ಅಲೆಕ್ಸಿ ಕುಜ್ನೆತ್ಸೋವ್ ರಚಿಸಿದ ಐಪಿರೂಟ್2 ಸಂಗ್ರಹದ ಐಪಿ ಎಂಬ ಒಂದೇ ಆಜ್ಞೆಯು ವಿಳಾಸ, ಮಾರ್ಗ, ನೆರೆ ಇವೆಲ್ಲವನ್ನೂ ತೋರಿಸುವುದರಿಂದ ಈಗ ಅದನ್ನೇ ಕಲಿಯುವುದು ಉಚಿತ.

ಇವೆಲ್ಲವನ್ನೂ ಬಳಕೆದಾರನ ಪರವಾಗಿ ನಿರ್ವಹಿಸುವ ಮೇಲ್ವಿಚಾರಕ ತಂತ್ರಾಂಶಗಳು ಹಲವಾರು. ರೆಡ್ ಹ್ಯಾಟ್ ಸಂಸ್ಥೆಯು 2004ರಲ್ಲಿ ಆರಂಭಿಸಿದ ನೆಟ್‌ವರ್ಕ್ ಮ್ಯಾನೇಜರ್ ಮೇಜುಗಣಕಗಳಲ್ಲಿ ಸರ್ವವ್ಯಾಪಿಯಾಗಿದೆ. ಚಿತ್ರರೂಪದ ಫಲಕವಲ್ಲದೆ ಎನ್‌ಎಂಸಿಎಲ್‌ಐ ಎಂಬ ಆಜ್ಞಾರೂಪವೂ ಎನ್‌ಎಂಟಿಯುಐ ಎಂಬ ಸರಳ ಪಟ್ಟಿಯೂ ಅದಕ್ಕುಂಟು. ಡೆಬಿಯನ್ ಎಂಬ ವಿತರಣೆಯ ಹಳೆಯ ಕ್ರಮವು ಇಂಟರ್‌ಫೇಸಸ್ ಎಂಬ ಪಠ್ಯಕಡತವನ್ನು ಅವಲಂಬಿಸಿದೆ. ಉಬುಂಟು ಎಂಬ ವಿತರಣೆಯು 2017ರಿಂದ ನೆಟ್‌ಪ್ಲಾನ್ ಎಂಬ ಪದರವನ್ನು ಮೇಲೆ ಹೊದಿಸಿದೆ. ಸೇವಕಗಣಕಗಳಲ್ಲಿ ಸಿಸ್ಟಂಡಿ ಎಂಬ ಸೇವಾನಿರ್ವಾಹಕದ ಕುಟುಂಬದ ನೆಟ್‌ವರ್ಕ್‌ಡಿಯನ್ನು ಮೆಚ್ಚುವವರಿದ್ದಾರೆ. ಒಂದೇ ದ್ವಾರವನ್ನು ಇಬ್ಬರು ಮೇಲ್ವಿಚಾರಕರಿಗೆ ಒಪ್ಪಿಸುವುದು ಗೃಹಜಾಲಗಳಲ್ಲಿ ಕಾಣುವ ಸಾಮಾನ್ಯವಾದ ಪ್ರಮಾದ; ಒಬ್ಬನು ಕಟ್ಟಿದ್ದನ್ನು ಮತ್ತೊಬ್ಬನು ಕೆಡವುತ್ತಿರುತ್ತಾನೆ, ಸಂಪರ್ಕ ಬಂದು ಬಂದು ಹೋಗುತ್ತಿರುತ್ತದೆ. ರಿಸಾಲ್ವ್‌ಕಾನ್ಫ್ ಕಡತದಲ್ಲಿ ಡಿಎನ್‌ಎಸ್ ಸೇವಕದ ವಿಳಾಸವನ್ನು ಕೈಯಾರೆ ಬರೆದು, ಮರುದಿನ ಅದು ಅಳಿಸಿಹೋಗಿರುವುದನ್ನು ಕಂಡು ಬೆರಗಾಗುವವರು ಬಹಳ. ಆ ಕಡತವನ್ನು ಮೇಲ್ವಿಚಾರಕನೇ ಪ್ರತಿಸಲವೂ ಹೊಸದಾಗಿ ಬರೆಯುತ್ತಾನೆ, ಅಲ್ಲಿ 127.0.0.53 ಎಂದು ಕಂಡರೆ ಗಣಕದೊಳಗೇ ಇರುವ ಸಿಸ್ಟಂಡಿ-ರಿಸಾಲ್ವ್‌ಡಿ ಉತ್ತರ ಕೊಡುತ್ತಿದೆಯೆಂದು ತಿಳಿದು, ಬದಲಾವಣೆಯನ್ನು ಮೇಲ್ವಿಚಾರಕನ ಮೂಲಕವೇ ಮಾಡತಕ್ಕದ್ದು.

ನಿಸ್ತಂತು ಜಾಲದ ಅಧ್ಯಾಯ ಲಿನಕ್ಸಿನಲ್ಲಿ ಬಹುಕಾಲ ಕಹಿಯಾಗಿತ್ತು. ಈಥರ್‌ನೆಟ್ ಕಾರ್ಡುಗಳು ತಮ್ಮ ನಡೆವಳಿಕೆಯನ್ನು ಬಹುಮಟ್ಟಿಗೆ ಬಹಿರಂಗಪಡಿಸಿದ್ದರೆ, ವೈಫೈ ಚಿಪ್ಪುಗಳ ತಯಾರಕರು ಅನೇಕರು ವಿವರಗಳನ್ನು ಗೌಪ್ಯವಾಗಿಟ್ಟರು; ಚಿಪ್ಪಿನೊಳಗೆ ಆರಂಭದಲ್ಲಿ ತುಂಬಬೇಕಾದ ಫರ್ಮ್‌ವೇರ್ ಎಂಬ ಒಳತಂತ್ರಾಂಶವನ್ನು ಹಂಚುವುದಕ್ಕೂ ಅನುಮತಿ ಕೊಡಲಿಲ್ಲ. ವಿಂಡೋಸಿನ ಚಾಲಕವನ್ನೇ ಲಿನಕ್ಸಿನೊಳಗೆ ನಡೆಸುವ ಎನ್‌ಡಿಐಎಸ್‌ರ್‍ಯಾಪರ್ ಎಂಬ ಉಪಾಯಕ್ಕೂ, ಬ್ರಾಡ್‌ಕಾಮ್ ಚಿಪ್ಪುಗಳಿಗಾಗಿ ಬೇರೆಡೆಯ ಚಾಲಕದಿಂದ ಫರ್ಮ್‌ವೇರನ್ನು ಕತ್ತರಿಸಿ ತೆಗೆಯುವ ಸಾಧನಕ್ಕೂ ಜನರು ಮೊರೆಹೋದರು. ಕರ್ನಲಿನಲ್ಲಿ 2007ರಲ್ಲಿ ಮ್ಯಾಕ್80211 ಎಂಬ ಸಾಮಾನ್ಯ ತಳಹದಿ ಸೇರಿದ ಮೇಲೆ, ಮತ್ತು 2010ರಲ್ಲಿ ಬ್ರಾಡ್‌ಕಾಮ್ ಸಂಸ್ಥೆಯು ಕೆಲವು ಚಿಪ್ಪುಗಳಿಗೆ ಮುಕ್ತ ಚಾಲಕವನ್ನು ಕೊಟ್ಟ ಮೇಲೆ ಪರಿಸ್ಥಿತಿ ಸುಧಾರಿಸಿತು. ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಸ್ಥಾಪನಾ ಮುದ್ರಿಕೆಯಿಂದ ನಿಷ್ಠೆಯಿಂದ ಹೊರಗಿಟ್ಟಿದ್ದ ಡೆಬಿಯನ್ ಸಮುದಾಯವು 2022ರಲ್ಲಿ ಮತದಾನ ನಡೆಸಿ, 2023ರ ಜೂನಿನಲ್ಲಿ ಹೊರಬಂದ 12ನೆಯ ಆವೃತ್ತಿಯಿಂದ ಅದನ್ನು ಒಳಗೊಳ್ಳಲು ನಿರ್ಧರಿಸಿತು. ತತ್ತ್ವದ ದೃಷ್ಟಿಯಿಂದ ಇದು ಸೋಲೆನ್ನುವವರಿದ್ದರೂ, ಜಾಲವೇ ಇಲ್ಲದ ಗಣಕವನ್ನು ಹೊಸಬರ ಕೈಗೆ ಕೊಡುವುದು ಅವರನ್ನು ಮುಕ್ತ ತಂತ್ರಾಂಶದಿಂದಲೇ ದೂರವಟ್ಟಿದಂತಾಗುವುದರಿಂದ, ಆ ನಿರ್ಧಾರ ಸರಿಯಾದುದೆಂದೇ ಹೇಳಬೇಕು.

ವೈಫೈ ಕಾಣಿಸದಿದ್ದಾಗ ಚಿಪ್ಪು ಯಾವುದೆಂಬುದನ್ನು ಎಲ್‌ಎಸ್‌ಪಿಸಿಐ ಅಥವಾ ಎಲ್‌ಎಸ್‌ಯುಎಸ್‌ಬಿ ಆಜ್ಞೆಯಿಂದ ತಿಳಿಯಬೇಕು. ಫರ್ಮ್‌ವೇರ್ ದೊರೆಯಲಿಲ್ಲವೆಂಬ ದೂರು ಕರ್ನಲಿನ ದಿನಚರಿಯಲ್ಲಿದೆಯೇ ಎಂದು ಡಿಮೆಸೇಜ್ ಆಜ್ಞೆಯಿಂದ ನೋಡಬೇಕು. ರೇಡಿಯೋ ಗುಂಡಿಯೇ ಮುಚ್ಚಿದೆಯೇ ಎಂದು ಆರ್‌ಎಫ್‌ಕಿಲ್ ಆಜ್ಞೆಯಿಂದ ಪರೀಕ್ಷಿಸಬೇಕು. ಅಷ್ಟರವರೆಗೆ ಕೈಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಸಂಪರ್ಕವನ್ನು ಎರವಲು ಪಡೆದರೆ ಲಿನಕ್ಸ್ ಅದನ್ನು ಯಾವ ಹೊಸ ಚಾಲಕವೂ ಬೇಡದೆ ತಂತಿಜಾಲವೆಂದೇ ಗ್ರಹಿಸುತ್ತದೆ. ಗಣಕವನ್ನು ಕೈಫೋನಿನ ಜಾಲಕ್ಕೆ ಸೇರಿಸುತ್ತಿದ್ದ ಹಿಂದಿನ ಯುಎಸ್‌ಬಿ ಡಾಂಗಲ್‌ಗಳಿಗೆ ಇಷ್ಟು ಸೌಲಭ್ಯವಿರಲಿಲ್ಲ. ವಿಂಡೋಸಿನ ತಂತ್ರಾಂಶವನ್ನು ಹೊತ್ತ ಅಡಕಮುದ್ರಿಕೆಯೆಂದು ಮೊದಲು ತಮ್ಮನ್ನು ಪರಿಚಯಿಸಿಕೊಳ್ಳುತ್ತಿದ್ದ ಅವನ್ನು ಮೋಡೆಮಿನ ರೂಪಕ್ಕೆ ತಿರುಗಿಸಲು ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ರತ್ಯೇಕ ಸಾಧನವೇ ಬೇಕಾಯಿತು.

ರೇಡಿಯೋ ತರಂಗಗಳ ವಿಷಯದಲ್ಲಿ ಲಿನಕ್ಸಿಗೆಂದು ಬೇರೆ ನಿಯಮವಿಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯು ಗೋಡೆಗಳನ್ನು ಹೆಚ್ಚು ಭೇದಿಸುತ್ತದೆ, ಆದರೆ ನೆರೆಮನೆಗಳ ರೌಟರುಗಳಿಂದ ಕಿಕ್ಕಿರಿದಿರುತ್ತದೆ. ಒಂದಕ್ಕೊಂದು ತಾಗದ ಕಾಲುವೆಗಳು ಅಲ್ಲಿ 1, 6 ಮತ್ತು 11 ಮಾತ್ರ. 5 ಗಿಗಾಹರ್ಟ್ಸ್ ಪಟ್ಟಿ ವೇಗವಾದುದು, ದೂರ ಹೋಗದು. ಕರಾವಳಿಯ ಮುರಕಲ್ಲಿನ ಗೋಡೆಯಾಗಲಿ, ಬಯಲುಸೀಮೆಯ ಹಳೆಯ ಮನೆಗಳ ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆಯಾಗಲಿ ಎರಡನ್ನೂ ಕುಗ್ಗಿಸುತ್ತವೆ. ಕದಲದೆ ಒಂದೆಡೆ ಇರುವ ಗಣಕಕ್ಕೆ ತಂತಿಗೆ ಸಮನಾದುದಿಲ್ಲ. 5ಇ ವರ್ಗದ ತಂತಿಯು 100 ಮೀಟರುಗಳವರೆಗೆ ಸೆಕೆಂಡಿಗೆ 1 ಗಿಗಾಬಿಟ್ಟನ್ನು ಒಯ್ಯುತ್ತದೆ.

ಸಂಪರ್ಕ ಕಡಿದಾಗ ದೋಷವನ್ನು ಹುಡುಕುವುದಕ್ಕೆ ತಳದಿಂದ ಮೇಲಕ್ಕೆ ಏರುವ ಕ್ರಮವೇ ಶಾಸ್ತ್ರೀಯವಾದುದು. ತಂತಿಯ ದೀಪ ಉರಿಯುತ್ತಿದೆಯೇ, ದ್ವಾರವು ಎದ್ದಿದೆಯೇ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ವಿಳಾಸ ದೊರೆತಿದೆಯೇ ಎಂಬುದು ಅನಂತರದ್ದು, 169.254 ಎಂದು ಆರಂಭವಾಗುವ ವಿಳಾಸ ಕಂಡರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲವೆಂದರ್ಥ. ವಿಳಾಸವಿದ್ದಲ್ಲಿ, ಮೈಕ್ ಮ್ಯೂಸ್ 1983ರಲ್ಲಿ ಬರೆದ ಪಿಂಗ್ ಎಂಬ ಪುಟ್ಟ ಸಾಧನದಿಂದ ಮೊದಲು ರೌಟರನ್ನೂ, ತರುವಾಯ 8.8.8.8ರಂಥ ಹೊರಗಿನ ಅಂಕಿವಿಳಾಸವನ್ನೂ, ಕಡೆಗೆ ಒಂದು ತಾಣದ ಹೆಸರನ್ನೂ ಕರೆದು ನೋಡಬೇಕು. ರೌಟರು ಓಗೊಟ್ಟು ಹೊರಗಿನ ಅಂಕಿ ಓಗೊಡದಿದ್ದರೆ ದೋಷವು ರೌಟರಿನಲ್ಲಿಯೋ ಅದರಾಚೆಯೋ ಇದೆ. ಅಂಕಿ ಓಗೊಟ್ಟು ಹೆಸರು ಓಗೊಡದಿದ್ದರೆ ಡಿಎನ್‌ಎಸ್ ಕೆಟ್ಟಿದೆ. ಪೊಟ್ಟಣವು ಯಾವ ಮಜಲಿನಲ್ಲಿ ತಡೆಯಿತೆಂಬುದನ್ನು ವಾನ್ ಜೇಕಬ್‌ಸನ್ನನ ಟ್ರೇಸ್‌ರೂಟ್ ತೋರಿಸುತ್ತದೆ. ಈ ಅನುಕ್ರಮವನ್ನು ಪಾಲಿಸುವವನಿಗೆ ನಾಲ್ಕೈದು ನಿಮಿಷಗಳಲ್ಲಿ ತಿಳಿಯುವ ಸಂಗತಿಯು, ಎಲ್ಲಿಯೋ ಕಂಡ ಆಜ್ಞೆಗಳನ್ನು ಅರ್ಥವರಿಯದೆ ಒಂದರ ಮೇಲೊಂದು ಹಾಕುತ್ತ ಹೋಗುವವನಿಗೆ ಇಡೀ ದಿನದಲ್ಲಿಯೂ ತಿಳಿಯದು. ಅಷ್ಟೇ ಅಲ್ಲ, ಅವನು ಹಾಕಿದ ಆಜ್ಞೆಗಳೇ ಹೊಸ ದೋಷಗಳಾಗಿ ಉಳಿಯುತ್ತವೆ. ಸೇವಾದಾರನಿಗೆ ದೂರು ಕೊಡುವಾಗಲೂ ಯಾವ ಅಂತಸ್ತಿನವರೆಗೆ ಸರಿಯಿದೆಯೆಂದು ನಿಖರವಾಗಿ ಹೇಳಬಲ್ಲವನ ಮಾತಿಗೆ ಹೆಚ್ಚು ತೂಕವಿರುತ್ತದೆ.

ಮನೆಯೊಳಗಿನ ಹಂಚಿಕೆಗೆ ಬೇಕಾದ ಸಾಧನಗಳು ಲಿನಕ್ಸಿನಲ್ಲಿ ಹೇರಳವಾಗಿವೆ. ಕಡತಗಳನ್ನು ಹಂಚಿಕೊಳ್ಳಲು ಎರಡೂ ಕಡೆ ಲಿನಕ್ಸಿದ್ದರೆ ಎನ್‌ಎಫ್‌ಎಸ್ ಸಾಕು. ವಿಂಡೋಸ್ ಗಣಕಗಳೂ ಇದ್ದಲ್ಲಿ, ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಮೊದಲುಮಾಡಿದ ಸಾಂಬಾ ಬೇಕು. ಮುದ್ರಣವನ್ನು ಕಪ್ಸ್ ನೋಡಿಕೊಳ್ಳುತ್ತದೆ. ವಿಳಾಸವನ್ನು ನೆನಪಿಡದೆ ಹೆಸರಿನಿಂದಲೇ ಪರಸ್ಪರ ಗುರುತಿಸುವ ಅನುಕೂಲವನ್ನು ಅವಾಹಿ ಕಲ್ಪಿಸುತ್ತದೆ. ಫಿನ್‌ಲೆಂಡಿನ ತಾತು ಉಲೋನೆನ್ 1995ರಲ್ಲಿ ರಚಿಸಿದ ಎಸ್‌ಎಸ್‌ಎಚ್, ಇಂದು ಓಪನ್‌ಎಸ್‌ಎಸ್‌ಎಚ್ ರೂಪದಲ್ಲಿ, ಒಂದು ಗಣಕದ ಮುಂದೆ ಕುಳಿತು ಮತ್ತೊಂದನ್ನು ಆಳುವುದಕ್ಕೂ ಕಡತಗಳನ್ನು ಸುರಕ್ಷಿತವಾಗಿ ಸಾಗಿಸುವುದಕ್ಕೂ ಒದಗುವುದರಿಂದ, ಅನೇಕ ಮನೆಗಳಿಗೆ ಬೇರಾವುದೂ ಬೇಕಾಗುವುದಿಲ್ಲ.

ವೇಗವನ್ನು ಕುರಿತು ಜನರಲ್ಲಿ ಒಂದು ಭ್ರಮೆ ಬೇರೂರಿದೆ. ಮನೆಯಲ್ಲೊಬ್ಬರು ದೊಡ್ಡ ಕಡತವನ್ನು ಮೇಲೇರಿಸತೊಡಗಿದೊಡನೆ ಇನ್ನೊಬ್ಬರ ದೃಶ್ಯಸಂಭಾಷಣೆ ತಡವರಿಸಿದರೆ, ಹೆಚ್ಚು ಮೆಗಾಬಿಟ್ಟುಗಳ ಯೋಜನೆಯನ್ನು ಕೊಳ್ಳುವುದೇ ಮದ್ದೆಂದು ಭಾವಿಸುತ್ತಾರೆ. ನಿಜವಾದ ಕಾರಣವು ರೌಟರಿನಲ್ಲಿಯೂ ಮೋಡೆಮಿನಲ್ಲಿಯೂ ಇರುವ ಅತಿಯಾದ ತಂಗುದಾಣ. ಅಲ್ಲಿ ಪೊಟ್ಟಣಗಳು ಉದ್ದನೆಯ ಸಾಲಿನಲ್ಲಿ ನಿಂತು ಮಾತಿನ ಪೊಟ್ಟಣಗಳೂ ಅದೇ ಸಾಲಿನ ಹಿಂದೆ ಕಾಯುತ್ತವೆ. ಜಿಮ್ ಗೆಟಿಸ್ 2010ರಲ್ಲಿ ತನ್ನ ಮನೆಯ ಸಂಪರ್ಕವನ್ನೇ ಪರೀಕ್ಷಿಸುತ್ತ ಈ ರೋಗವನ್ನು ಗುರುತಿಸಿ ಅದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವಾನ್ ಜೇಕಬ್‌ಸನ್ 2012ರಲ್ಲಿ ಕೋಡೆಲ್ ಎಂಬ ಪರಿಹಾರಸೂತ್ರವನ್ನು ಪ್ರಕಟಿಸಿದರು. ಅದೇ ವರ್ಷ ಲಿನಕ್ಸ್ 3.5ರಲ್ಲಿ ಎಫ್‌ಕ್ಯೂ-ಕೋಡೆಲ್, 2018ರಲ್ಲಿ 4.19ರಲ್ಲಿ ಕೇಕ್ ಎಂಬ ಸಾಲುನಿರ್ವಾಹಕಗಳು ಸೇರಿದವು. ಓಪನ್‌ಡಬ್ಲ್ಯೂಆರ್‌ಟಿ ಇರುವ ರೌಟರಿನಲ್ಲಿ ಇವನ್ನು ಜಾಗೃತಗೊಳಿಸಿ, ವೇಗದ ಮಿತಿಯನ್ನು ವಾಸ್ತವ ವೇಗಕ್ಕಿಂತ ತುಸು ಕೆಳಗಿಟ್ಟರೆ, ಸಾಲು ನಮ್ಮ ಹತೋಟಿಗೆ ಬಂದು, ಕಡತವೂ ಏರುತ್ತದೆ, ಮಾತೂ ತಡೆಯದೆ ಸಾಗುತ್ತದೆ. ಹಣ ತೆತ್ತು ಪಡೆದ ವೇಗಕ್ಕಿಂತ ಸಾಲಿನ ಈ ಶಿಸ್ತು ಎಷ್ಟೋ ಮನೆಗಳಿಗೆ ಹೆಚ್ಚು ಉಪಕಾರಿ.

ಕಡೆಯದಾಗಿ ರಕ್ಷಣೆ. ಲಿನಕ್ಸೆಂದಮಾತ್ರಕ್ಕೆ ಅಭೇದ್ಯವೆಂಬ ನಂಬಿಕೆಯನ್ನು 2016ರ ಮಿರಾಯ್ ಎಂಬ ಕುತಂತ್ರಾಂಶವು ನುಚ್ಚುನೂರು ಮಾಡಿತು. ಅದು ದಾಳಿಮಾಡಿದ್ದು ಲಿನಕ್ಸಿನಿಂದಲೇ ನಡೆಯುವ ಮನೆಯ ರೌಟರುಗಳ ಮತ್ತು ಕ್ಯಾಮೆರಾಗಳ ಮೇಲೆ. ಬಳಸಿದ ಆಯುಧವಾದರೋ ಕಾರ್ಖಾನೆಯಿಂದ ಬಂದಂತೆಯೇ ಬಿಟ್ಟಿದ್ದ ಹೆಸರು ಮತ್ತು ಗುಪ್ತಪದಗಳ ಒಂದು ಸಣ್ಣ ಪಟ್ಟಿ. ಹಾಗೆ ಸೆರೆಸಿಕ್ಕ ಉಪಕರಣಗಳ ಸೇನೆ ಅದೇ ವರ್ಷ ಅಕ್ಟೋಬರ್ 21ರಂದು ಅಮೆರಿಕದ ಡಿಎನ್‌ಎಸ್ ಸೇವಾಸಂಸ್ಥೆಯೊಂದನ್ನು ಮುತ್ತಿದಾಗ ಹಲವು ಪ್ರಸಿದ್ಧ ತಾಣಗಳು ಗಂಟೆಗಳ ಕಾಲ ಕಾಣದಾದವು. ರೌಟರಿನ ಆಡಳಿತದ ಗುಪ್ತಪದವನ್ನು ಮೊದಲ ದಿನವೇ ಬದಲಿಸುವುದು, ವೈಫೈಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ರಕ್ಷಣೆಯನ್ನಿಡುವುದು, ಹೊರಗಿನಿಂದ ಆಡಳಿತಪುಟವನ್ನು ತೆರೆಯುವ ಅವಕಾಶವನ್ನು ಮುಚ್ಚುವುದು ಇವು ಅನಿವಾರ್ಯ. ಲಿನಕ್ಸ್ ಗಣಕದ ಕರ್ನಲಿನಲ್ಲಿ 2001ರಿಂದ ನೆಟ್‌ಫಿಲ್ಟರ್ ಎಂಬ ಪ್ರಬಲ ಕಾವಲುವ್ಯವಸ್ಥೆಯಿದೆ. ಅದನ್ನು ಆಳುವ ಐಪಿಟೇಬಲ್ಸಿನ ಸ್ಥಾನಕ್ಕೆ 2014ರಿಂದ ಎನ್‌ಎಫ್‌ಟೇಬಲ್ಸ್ ಬರುತ್ತಿದೆ. ಸಾಮಾನ್ಯ ಗೃಹಸ್ಥನು ಇವೆರಡನ್ನೂ ನೇರವಾಗಿ ಮುಟ್ಟಬೇಕಾಗಿಲ್ಲ. ಉಬುಂಟುವಿನ ಯುಎಫ್‌ಡಬ್ಲ್ಯೂ ಅಥವಾ ಫೆಡೋರಾದ ಫೈರ್‌ವಾಲ್‌ಡಿ ಎರಡು ಮೂರು ಆಜ್ಞೆಗಳಲ್ಲಿ ಬೇಕಾದಷ್ಟು ಬಾಗಿಲುಗಳನ್ನು ಮಾತ್ರ ತೆರೆದು ಉಳಿದವನ್ನು ಮುಚ್ಚುತ್ತವೆ.

ಐಪಿವಿ6 ಬಂದ ಮನೆಗಳಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. 128 ಬಿಟ್ಟುಗಳ ಈ ಪದ್ಧತಿಯಲ್ಲಿ ವಿಳಾಸಗಳಿಗೆ ಬರವಿಲ್ಲವಾದುದರಿಂದ ಪ್ರತಿಯೊಂದು ಉಪಕರಣಕ್ಕೂ ಜಗತ್ತಿನಲ್ಲೆಲ್ಲ ಅನನ್ಯವಾದ ವಿಳಾಸ ದೊರೆಯುತ್ತದೆ. ಒಳಗಣ ಗಣಕಗಳನ್ನು ಪ್ರಾಸಂಗಿಕವಾಗಿ ಮರೆಮಾಡುತ್ತಿದ್ದ ವಿಳಾಸಾಂತರಣದ ಪರದೆ ಅಲ್ಲಿರುವುದಿಲ್ಲ. ಐಪಿವಿ6 ಬಳಕೆಯಲ್ಲಿ ಭಾರತವು ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದಾಗಿರುವುದರಿಂದ, ನಮ್ಮ ಬಹಳಷ್ಟು ಮನೆಗಳಿಗೆ ಅದು ಕೇಳದೆಯೇ ಬಂದಿದೆ. ಓದುಗರು ಐಪಿ ಆಜ್ಞೆಯಿಂದ ತಮ್ಮ ಗಣಕದ ವಿಳಾಸಗಳನ್ನು ಒಮ್ಮೆ ನೋಡಿ, 2 ಎಂಬ ಅಂಕಿಯಿಂದ ಮೊದಲಾಗುವ ಉದ್ದನೆಯ ವಿಳಾಸವೇನಾದರೂ ಅಲ್ಲಿ ಕಂಡರೆ, ರೌಟರಿನ ಐಪಿವಿ6 ಕಾವಲು ಜಾರಿಯಲ್ಲಿದೆಯೆಂಬುದನ್ನು ಅಂದೇ ಖಚಿತಪಡಿಸಿಕೊಳ್ಳಬೇಕು.